ಶ್ರೀನಿವಾಸಪುರದ ಬಾದಾಮಿ ಮಾವು, ದುಬೈ ವಿಮಾನ: ಹಣ್ಣು ಕೆಡುವುದು ಎಲ್ಲಿ?

ಬಾದಾಮಿ ತೋಟ

ಎಲ್ಲರಿಗೂ ನಮಸ್ಕಾರ. ನಾವು ಶ್ರೀನಿವಾಸಪುರ ತಾಲ್ಲೂಕಿನ ಹನ್ನೊಂದು ಮನೆಯವರು ಸೇರಿ ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದೇವೆ. ಮಾವೇ ನಮ್ಮ ಬದುಕು. ತೋತಾಪುರಿ ಪಲ್ಪ್ ಫ್ಯಾಕ್ಟರಿಗೆ ಹೋಗುತ್ತದೆ. ಬಾದಾಮಿಯನ್ನಾದರೂ ಒಳ್ಳೆ ಬೆಲೆಗೆ ಹೊರಗೆ ಕಳಿಸೋಣ ಅಂತ ಹೋದ ವರ್ಷ ಮೇ ತಿಂಗಳಲ್ಲಿ ಮೊದಲ ಸಲ ದುಬೈಗೆ 300 ಬಾಕ್ಸ್ ಕಳಿಸಿದೆವು. ಬಾಕ್ಸಿಗೆ 3 ಕೆಜಿ.

ವಿಮಾನ ಹಾರಿದ್ದು ನಾಲ್ಕೇ ಗಂಟೆ. ಆದರೂ ಅಲ್ಲಿ ಬಾಕ್ಸ್ ತೆಗೆದಾಗ ಮೂರರಲ್ಲಿ ಒಂದು ಪಾಲು ಹಣ್ಣು ಮೆತ್ತಗಾಗಿತ್ತು. ತೊಟ್ಟಿನ ಸುತ್ತ ಕಪ್ಪು, ಮೈಮೇಲೆ ಚಿಬ್ಬು. ಕೊಂಡವರು ಅರ್ಧ ದುಡ್ಡು ಕೊಟ್ಟರು. ವಿಮಾನದ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಇಲ್ಲೇ ಮಂಡಿಗೆ ಹಾಕಿದ್ದರೆ ಚೆನ್ನಾಗಿತ್ತು ಅಂತ ಮನೆಯಲ್ಲಿ ಎಲ್ಲರೂ ಅಂದರು.

ಈ ವರ್ಷ ಇನ್ನೊಂದು ಸಲ ಪ್ರಯತ್ನ ಮಾಡಬೇಕು ಅಂತಿದೆ. ಆದರೆ ಎಲ್ಲಿ ಕೆಟ್ಟಿತು ಅನ್ನುವುದೇ ಗೊತ್ತಿಲ್ಲ. ವಿಮಾನದಲ್ಲಿ ಬಿಸಿಯಾಯಿತಾ? ಬಾಕ್ಸ್ ಸರಿ ಇರಲಿಲ್ವಾ? ತಿಳಿದವರು ದಯವಿಟ್ಟು ಹೇಳಿ.

ಕಾರ್ಗೋ ಕಟ್ಟೆ

ನಾನು ದೇವನಹಳ್ಳಿ ವಿಮಾನ ನಿಲ್ದಾಣದ ಕಾರ್ಗೋ ಕಡೆ ಹದಿನಾಲ್ಕು ವರ್ಷದಿಂದ ಫಾರ್ವರ್ಡಿಂಗ್, ಅಂದರೆ ಸರಕು ಕಳಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ಹಣ್ಣು, ತರಕಾರಿ, ಹೂವು, ಮಾಂಸ, ಎಲ್ಲ ನೋಡಿದ್ದೇನೆ. ನಿಮಗೆ ಒಂದೇ ಪ್ರಶ್ನೆ. ಮರದಿಂದ ಕಾಯಿ ಕಿತ್ತ ಹೊತ್ತಿನಿಂದ ದುಬೈನಲ್ಲಿ ಕೊಂಡವರ ಕೈಗೆ ಸಿಕ್ಕ ಹೊತ್ತಿನವರೆಗೆ ಗಂಟೆ ಗಂಟೆಯ ಲೆಕ್ಕ ಬರೆಯಿರಿ. ನೆನಪಿದ್ದಷ್ಟು ಸಾಕು. ಆಮೇಲೆ ಮಾತಾಡೋಣ.

ಬಾದಾಮಿ ತೋಟ

ಮಗಳ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಅದರಿಂದ ಹೇಳುತ್ತೇನೆ.

ಸೋಮವಾರ ಬೆಳಗ್ಗೆ 7ಕ್ಕೆ ಕೀಳಲು ಶುರು. ಮಧ್ಯಾಹ್ನ 2ರವರೆಗೆ ಕಾಯಿ ಮರದ ಕೆಳಗೇ ಇತ್ತು. ಆಮೇಲೆ ಶೆಡ್ಡಿಗೆ ತಂದು ಆರಿಸಿ, ಒರೆಸಿ, ಬಾಕ್ಸ್ ಮಾಡುವಷ್ಟರಲ್ಲಿ ರಾತ್ರಿ 11. ಶೆಡ್ಡಿಗೆ ತಗಡಿನ ಛಾವಣಿ. 12ಕ್ಕೆ ಟೆಂಪೊ ಹೊರಟಿತು, ಮೇಲೆ ಟಾರ್ಪಾಲು ಬಿಗಿದಿದ್ದೆವು. ಮಂಗಳವಾರ ಬೆಳಗಿನ ಜಾವ 3ಕ್ಕೆ ಕಾರ್ಗೋ ಗೇಟಿನ ಹತ್ತಿರ. ಕೀಟ, ರೋಗ ಇಲ್ಲ ಅನ್ನುವ ಫೈಟೊ ಸರ್ಟಿಫಿಕೇಟ್‌ಗೆ ಅಂತ ಹತ್ತೂವರೆವರೆಗೆ ಟೆಂಪೊದಲ್ಲೇ ಕಾದೆವು. ಕಸ್ಟಮ್ಸ್ ಮುಗಿದಾಗ ಮಧ್ಯಾಹ್ನ 1. ರಾತ್ರಿ ಒಂಬತ್ತೂವರೆ ವಿಮಾನಕ್ಕೆ ಬುಕ್ ಆಗಿತ್ತು. ಜಾಗ ಇಲ್ಲ ಅಂತ ಇಳಿಸಿದರು. ಬುಧವಾರ ಬೆಳಗ್ಗೆ 10ರ ವಿಮಾನಕ್ಕೆ ಹೋಯಿತು. ಕೊಂಡವರ ಗೋಡೌನಿಗೆ ಸೇರಿದ್ದು ಅಲ್ಲಿನ ರಾತ್ರಿ 8 ಗಂಟೆಗೆ.

ಕಾರ್ಗೋ ಕಟ್ಟೆ

ನೀವೇ ಕೂಡಿಸಿ ನೋಡಿ. ಅಲ್ಲಿನ ರಾತ್ರಿ 8 ಅಂದರೆ ನಮ್ಮ ಒಂಬತ್ತೂವರೆ. ಒಟ್ಟು ಅರವತ್ತೆರಡೂವರೆ ಗಂಟೆ. ಅದರಲ್ಲಿ ಹಾರಿದ್ದು ನಾಲ್ಕು. ಉಳಿದ ಐವತ್ತೆಂಟೂವರೆ ಗಂಟೆ ನಿಮ್ಮ ಹಣ್ಣು ನೆಲದ ಮೇಲೇ ಇತ್ತು. ವಿಮಾನ ನಿಮ್ಮ ಹಣ್ಣನ್ನು ಕೆಡಿಸಿಲ್ಲ.

ಕಿತ್ತ ಮಾವು ಸುಮ್ನೆ ಕೂತಿರುವುದಿಲ್ಲ. ಉಸಿರಾಡುತ್ತದೆ, ತಾನೇ ಬಿಸಿ ಬಿಡುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಿತ್ತ ಕಾಯಿಯ ಒಳಗೆ ಆ ದಿನದ ಬಿಸಿಯೆಲ್ಲ ಇರುತ್ತದೆ. ಅದನ್ನು ಹಾಗೇ ಬಾಕ್ಸಿನಲ್ಲಿ ಮುಚ್ಚಿ, ಟಾರ್ಪಾಲು ಬಿಗಿದು, ನಿಂತ ಟೆಂಪೊದಲ್ಲಿ ಇಟ್ಟರೆ ಅದು ಹಣ್ಣು ಮಾಡುವ ಕೋಣೆಯೇ ಆಗುತ್ತದೆ. ಕೆಲವು ಕಾಯಿ ಮೊದಲು ತಿರುಗಿ ಎಥಿಲೀನ್ ಅನ್ನುವ ಹಣ್ಣು ಮಾಡುವ ಗಾಳಿ ಬಿಡುತ್ತವೆ, ಪಕ್ಕದವೂ ತಿರುಗುತ್ತವೆ. ನಿಮ್ಮ ಹಣ್ಣು ಬಹುಶಃ ಗೇಟಿನ ಹತ್ತಿರ ಕಾಯುವಾಗಲೇ ಅರ್ಧ ಕೆಲಸ ಮುಗಿಸಿತ್ತು.

ಇನ್ನೊಂದು ಮಾತು. ವಿಮಾನದ ಹೊಟ್ಟೆ ಫ್ರಿಜ್ ಅಲ್ಲ. ತುಂಬಾ ಜನ ಹಾಗೆ ತಿಳಿದಿದ್ದಾರೆ. ತಣ್ಣಗೆ ಹೋದದ್ದು ಸುಮಾರು ತಣ್ಣಗೇ ಇರುತ್ತದೆ, ಬಿಸಿಯಾಗಿ ಹೋದದ್ದು ಬಿಸಿಯಾಗೇ ಇಳಿಯುತ್ತದೆ. ಅದಕ್ಕೇ ತಂಪು ತೋಟದಲ್ಲೇ ಶುರುವಾಗಬೇಕು.

ಚಿಬ್ಬು ನೋಡುವವಳು

ತೋಟಗಾರಿಕೆ ಓದಿ, ಈಗ ಪ್ಯಾಕ್‌ಹೌಸ್ ಒಂದರಲ್ಲಿ ಗುಣಮಟ್ಟದ ಕೆಲಸ ಮಾಡುತ್ತೇನೆ. ಕಾರ್ಗೋ ಕಟ್ಟೆ ಹೇಳಿದ್ದು ನಿಜ. ಅದಕ್ಕೂ ಮೊದಲಿನ ಸ್ವಲ್ಪ ಸೇರಿಸುತ್ತೇನೆ.

ತೊಟ್ಟಿನ ಕಪ್ಪು ಎರಡು ಥರ. ಒಂದು ಸೊನೆ ಸುಟ್ಟ ಕಲೆ. ಕೀಳುವಾಗ ತೊಟ್ಟು ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಇಳಿಯುತ್ತದೆ. ಎರಡು ದಿನದ ಮೇಲೆ ಅದೇ ಜಾಗ ಕಪ್ಪಾಗುತ್ತದೆ. ಕತ್ತರಿಯಲ್ಲಿ ಸ್ವಲ್ಪ ತೊಟ್ಟು ಉಳಿಸಿ ಕೀಳಿ. ಆಮೇಲೆ ನೆರಳಲ್ಲಿ ತೊಟ್ಟು ಕೆಳಗೆ ಮಾಡಿ, ಜಾಲರಿಯ ಮೇಲೆ ಇಟ್ಟು ಸೊನೆ ಇಳಿಸಿ. ನೆಲದ ಮೇಲೆ ಬೇಡ, ಮಣ್ಣಿನಿಂದ ಶಿಲೀಂಧ್ರ ತೊಟ್ಟಿಗೆ ಹತ್ತುತ್ತದೆ. ಎರಡನೆಯದು ತೊಟ್ಟು ಕೊಳೆ. ಇದೂ ಚಿಬ್ಬು ರೋಗವೂ ಹೂವು, ಈಚಿನ ಕಾಲದಲ್ಲೇ ಮರದ ಮೇಲೆ ಸೇರಿಕೊಂಡು ಹಣ್ಣಾಗುವವರೆಗೆ ಕಣ್ಣಿಗೆ ಕಾಣದೆ ಕೂತಿರುತ್ತವೆ. ಹೊರಡುವಾಗ ಚೆನ್ನಾಗಿದ್ದ ಕಾಯಿ ಅಲ್ಲಿ ಇಳಿದಾಗ ಮಚ್ಚೆ ಮಚ್ಚೆ ಆಗುವುದು ಅದಕ್ಕೇ. 50ರಿಂದ 52 ಡಿಗ್ರಿ ನೀರಲ್ಲಿ ಐದರಿಂದ ಹತ್ತು ನಿಮಿಷ ಮುಳುಗಿಸಿ ತೆಗೆದರೆ ಚಿಬ್ಬು ತುಂಬಾ ಕಡಿಮೆಯಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಮಾತ್ರ ಮಾಡಬೇಡಿ, ಎರಡು ಡಿಗ್ರಿ ಜಾಸ್ತಿಯಾದರೆ ಸಿಪ್ಪೆ ಬೆಂದುಹೋಗುತ್ತದೆ.

ತಂಪಿನ ಲೆಕ್ಕ: ಮಾವಿಗೆ 12ರಿಂದ 13 ಡಿಗ್ರಿ. ಅದಕ್ಕಿಂತ ತಣ್ಣಗೆ ಮಾಡಿದರೆ ಒಳ್ಳೆಯದು ಅಂತ 5ಕ್ಕೆ ಇಳಿಸಬೇಡಿ. ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿ ಗುಳಿ ಬೀಳುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಬಾಳೆಗೂ ಹೀಗೇ, 13ರ ಕೆಳಗೆ ಹೋಗಬಾರದು. ದ್ರಾಕ್ಷಿಗೆ ಮಾತ್ರ ಸೊನ್ನೆಯ ಹತ್ತಿರ ಬೇಕು.

ಅವೀರ್ ವ್ಯಾಪಾರಿ

ದುಬೈನ ಅಲ್ ಅವೀರ್ ಹಣ್ಣು ತರಕಾರಿ ಮಾರುಕಟ್ಟೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಊರು ಕುಂದಾಪುರ. ಕೊಳ್ಳುವವನ ಕಡೆಯಿಂದ ಎರಡು ಮಾತು.

ನಮಗೆ ಹಣ್ಣು ಬೇಡ, ಕಾಯಿ ಬೇಕು. ಚೆನ್ನಾಗಿ ಬಲಿತ ಹಸಿರು ಕಾಯಿ ಬಂದರೆ ನಾವು ಇಲ್ಲಿ ಎಥಿಲೀನ್ ಕೋಣೆಯಲ್ಲಿಟ್ಟು ಬೇಕಾದ ದಿನಕ್ಕೆ ಹಣ್ಣು ಮಾಡುತ್ತೇವೆ. ಎಳೆ ಕಾಯಿ ಕಳಿಸಿದರೆ ಸಿಪ್ಪೆ ಸುಕ್ಕಾಗುತ್ತದೆ, ರುಚಿ ಬರುವುದಿಲ್ಲ. ಭುಜ ತೊಟ್ಟಿಗಿಂತ ಮೇಲೆ ಎದ್ದ ಕಾಯಿ ಮಾತ್ರ ಕೀಳಿ. ಕಾರ್ಬೈಡ್ ಹಾಕಿದ ಹಣ್ಣನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ನಿಮ್ಮಲ್ಲೂ ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ.

ಇನ್ನೊಂದು, ವಿಮಾನ ಇಳಿದ ಮೇಲೆ ಇಲ್ಲಿನ ಬೇಸಿಗೆ. ವಿಮಾನ ನಿಲ್ಲುವ ಟಾರ್ಮ್ಯಾಕ್ ಮೇಲೆ 40 ಡಿಗ್ರಿ ದಾಟಿರುತ್ತದೆ. ಡಾಲಿಯ (ಸರಕು ಎಳೆಯುವ ಗಾಡಿ) ಮೇಲೆ ಪ್ಯಾಲೆಟ್ (ಬಾಕ್ಸ್ ಪೇರಿಸಿದ ಹಲಗೆ) ಒಂದು ಗಂಟೆ ನಿಂತರೆ ಮೇಲಿನ ಎರಡು ಸಾಲು ಬಾಕ್ಸ್ ಹೋದಹಾಗೇ. ಥರ್ಮಲ್ ಕಂಬಳಿ ಹೊದಿಸಿ ಕಳಿಸಿ. ಕೆಲವು ಏರ್‌ಲೈನ್‌ಗಳ ಹತ್ತಿರ ತಂಪಿನ ಡಾಲಿ ಇದೆ, ಬುಕ್ ಮಾಡುವಾಗಲೇ ಕೇಳಿ. ರಾತ್ರಿ ಇಳಿಯುವ ವಿಮಾನ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಅವರೆ ಅತ್ತಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಅಂಗಡಿಯಲ್ಲಿ ಫ್ರೋಜನ್ ಅವರೆಕಾಳು ಸಿಗುತ್ತದೆ, ಹಿತಕಿದ ಬೇಳೆಯೂ ಸಿಗುತ್ತದೆ. ಆದರೆ ಸೊಗಡು ಇಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಆ ವಾಸನೆಗೆ ಜೀವ ಹಂಬಲಿಸುತ್ತದೆ. ಫ್ರೋಜನ್ ಅವರೆಯನ್ನು ಹಡಗಿನ ಬದಲು ವಿಮಾನದಲ್ಲಿ ತಂದರೆ ಸೊಗಡು ಉಳಿಯುತ್ತದಾ?

ಚಿಬ್ಬು ನೋಡುವವಳು

ಇಲ್ಲ, ಉಳಿಯುವುದಿಲ್ಲ. ಸೊಗಡು ಇರುವುದು ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಲ್ಲಿ. ಕೈಗೆ ಹತ್ತಿ ಎರಡು ದಿನ ಹೋಗುವುದಿಲ್ಲವಲ್ಲ, ಅದೇ. ಫ್ಯಾಕ್ಟರಿಯಲ್ಲಿ ಸಿಪ್ಪೆ ಬಿಡಿಸಿ, ಬಿಸಿನೀರಲ್ಲಿ ಅದ್ದಿ ತೆಗೆದು ಫ್ರೀಜ್ ಮಾಡುತ್ತಾರೆ. ಸೊಗಡು ಅಲ್ಲೇ ಹೋಯಿತು. ಆಮೇಲೆ ಹಡಗಾದರೇನು, ವಿಮಾನವಾದರೇನು?

ಕಾರ್ಗೋ ಕಟ್ಟೆ

ಅಕ್ಕಾ, ಫ್ರೋಜನ್ ಪದಾರ್ಥ ವಿಮಾನದಲ್ಲಿ ಕಳಿಸುವವರಿಗೆ ನಾನು ಯಾವಾಗಲೂ ಬೇಡ ಅಂತಲೇ ಹೇಳುತ್ತೇನೆ. ನನ್ನ ವ್ಯಾಪಾರ ಹೋದರೂ ಸರಿ. ಮೈನಸ್ 18ರಲ್ಲಿ ಇಟ್ಟ ಅವರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹಡಗಿನ ರೀಫರ್, ಅಂದರೆ ತಂಪಿನ ಕಂಟೇನರ್ ಚೆನ್ನೈನಿಂದ ಹೊರಟು ಅಮೆರಿಕ ತಲುಪಲು ತಿಂಗಳಿಗಿಂತ ಜಾಸ್ತಿ ಹಿಡಿಯುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಆಫ್ರಿಕಾ ಸುತ್ತಿಕೊಂಡು ಹೋಗಿ ಇನ್ನೂ ತಡವಾಯಿತು. ಆದರೂ ಪದಾರ್ಥ ಕೆಡುವುದಿಲ್ಲ, ಕಂಟೇನರ್ ಪ್ಲಗ್‌ನಲ್ಲೇ ಇರುತ್ತದೆ. ವಿಮಾನದಲ್ಲಾದರೆ ಪ್ಲಗ್ ಇಲ್ಲ. ಡ್ರೈ ಐಸ್ ಹಾಕಬೇಕು.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಕರಗಿ ನೀರಾಗುವುದಿಲ್ಲ, ನೇರ ಗಾಳಿಯಾಗುತ್ತದೆ. ವಿಮಾನದ ನಿಯಮದಲ್ಲಿ ಅದು ಅಪಾಯದ ಸರಕು, 9ನೇ ವರ್ಗ, ಗುರುತಿನ ಸಂಖ್ಯೆ ಯುಎನ್ 1845. ಬಾಕ್ಸಿನ ಮೇಲೆ ಲೇಬಲ್, ಎಷ್ಟು ಕೆಜಿ ಡ್ರೈ ಐಸ್ ಇದೆ ಅನ್ನುವುದು, ಏರ್‌ವೇ ಬಿಲ್ಲಿನಲ್ಲೂ (ಸರಕಿನ ಸಾಗಣೆ ಪತ್ರ) ಅದೇ ಸಂಖ್ಯೆ, ಇಷ್ಟೂ ಬೇಕು. ಮುಖ್ಯ, ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಪೂರ್ತಿ ಟೇಪ್ ಸುತ್ತಿ ಗಾಳಿಯಾಡದ ಹಾಗೆ ಮುಚ್ಚಿದರೆ ಬಾಕ್ಸ್ ಸಿಡಿಯುತ್ತದೆ. ಒಂದು ವಿಮಾನಕ್ಕೆ ಒಟ್ಟು ಇಷ್ಟೇ ಅಂತ ಮಿತಿಯೂ ಇದೆ, ಪಕ್ಕದಲ್ಲಿ ನಾಯಿ, ಬೆಕ್ಕು ಹೋಗುತ್ತಿದ್ದರೆ ಅದರ ಉಸಿರಿಗೆ ತೊಂದರೆ. ಪ್ರಯಾಣಿಕರು ಬ್ಯಾಗಿನಲ್ಲಿ ಒಯ್ಯುವುದಾದರೆ ತಲೆಗೆ 2.5 ಕೆಜಿ ಮಾತ್ರ, ಅದೂ ಏರ್‌ಲೈನ್ ಒಪ್ಪಿದರೆ.

ಮಾವಿಗೆ, ಸೊಪ್ಪಿಗೆ ಡ್ರೈ ಐಸ್ ಹತ್ತಿರವೂ ತರಬೇಡಿ. ತಾಗಿದ ಕಡೆ ಕಲ್ಲಾಗುತ್ತದೆ.

ಮಲ್ಪೆ ಬಂದರು

ಮೀನಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮನೆಯಲ್ಲಿ ಮೂರು ತಲೆಮಾರಿನ ಕಸುಬು.

ನಮ್ಮಲ್ಲಿ ಜನ ತಾಜಾ ಮೀನು ಅಂತ ಹೇಳಿ ಗಲ್ಫ್‌ಗೆ ಕಳಿಸಲು ಬರುತ್ತಾರೆ. ನಾನು ಕೇಳುವುದು ಕಾರ್ಗೋ ಕಟ್ಟೆಯವರು ಕೇಳಿದ್ದನ್ನೇ: ಯಾವಾಗ ಹಿಡಿದದ್ದು? ಆಳಸಮುದ್ರದ ಟ್ರಾಲರ್ ಒಂದು ಸಲ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ಮೊದಲ ದಿನ ಬಲೆಗೆ ಬಿದ್ದ ಮೀನು ಬಂದರಿಗೆ ಬರುವಾಗಲೇ ಐಸಿನಲ್ಲಿ ಹತ್ತು ದಿನ ಕಳೆದಿರುತ್ತದೆ. ಅದನ್ನು ವಿಮಾನಕ್ಕೆ ಹಾಕಿ ಏನು ಪ್ರಯೋಜನ? ವಿಮಾನಕ್ಕೆ ಬೇಕಾದದ್ದು ಬೆಳಗ್ಗೆ ಹೋಗಿ ಅದೇ ದಿನ ಬರುವ ದೋಣಿಯ ಅಂಜಲ್, ಮಾಂಜಿ, ಕಾಣೆ. ಅದೂ ದೋಣಿಯಲ್ಲೇ ಐಸ್ ಹಾಕಿದ್ದು.

ಬಂಗುಡೆ, ಕೇದರ (ಟ್ಯೂನಾ) ವಿಷಯದಲ್ಲಿ ಇನ್ನೂ ಹುಷಾರು ಬೇಕು. ಈ ಜಾತಿಯ ಮೀನು ಬಿಸಿಯಲ್ಲಿ ಸ್ವಲ್ಪ ಹೊತ್ತು ಇದ್ದರೂ ಹಿಸ್ಟಮಿನ್ ಅನ್ನುವ ವಿಷ ಕಟ್ಟುತ್ತದೆ. ಒಮ್ಮೆ ಕಟ್ಟಿದರೆ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ತಿಂದವರಿಗೆ ಮೈಯೆಲ್ಲ ದದ್ದು, ತಲೆನೋವು. ಇದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಇದನ್ನು ಕಂಡೇ ಬಂಗುಡೆ ಹೊರಗೆ ಕಳಿಸುವುದು ಬಿಟ್ಟರು.

ಪ್ಯಾಕಿಂಗ್‌ನಲ್ಲಿ ನೀರೈಸು ಹಾಕುವ ಹಾಗಿಲ್ಲ ಅನ್ನುವ ಏರ್‌ಲೈನ್‌ಗಳೇ ಜಾಸ್ತಿ. ಮೀನಿನ ಉಪ್ಪುನೀರು ಸೋರಿದರೆ ವಿಮಾನದ ಲೋಹಕ್ಕೆ ತುಕ್ಕು. ಥರ್ಮಾಕೋಲ್ ಬಾಕ್ಸ್, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡು ಪದರ, ಕೆಳಗೆ ನೀರು ಹೀರುವ ಹಾಸು, ಜೆಲ್ ಐಸ್. ಮೀನು ಸೊನ್ನೆಯಿಂದ 2 ಡಿಗ್ರಿಯಲ್ಲಿ ಇರಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗೆ ನಮ್ಮ ಕರಾವಳಿಯಲ್ಲಿ 61 ದಿನ ನಿಷೇಧ. ಆಗ ಆರ್ಡರ್ ಹಿಡಿಯಬೇಡಿ.

ಬಾದಾಮಿ ತೋಟ

ಮೀನಿನ ಮಾತಿನಲ್ಲೂ ನಮಗೆ ಪಾಠ ಇದೆ. ನಾವೂ ಕಿತ್ತ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬಾಡಿಗೆ ಬಗ್ಗೆ ಒಂದು ಸಂಶಯ. ನಮ್ಮ ಸರಕು ತೂಗಿದ್ದಕ್ಕಿಂತ ಜಾಸ್ತಿ ಕೆಜಿಗೆ ಬಿಲ್ ಮಾಡಿದ್ದರು. ಯಾಕೆ?

ಕಾರ್ಗೋ ಕಟ್ಟೆ

ಅದು ಮೋಸ ಅಲ್ಲ, ಗಾತ್ರದ ತೂಕ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ನಿಜವಾದ ತೂಕದ ಜೊತೆ ಹೋಲಿಸಿ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಮಲ್ಪೆಯವರ ಥರ್ಮಾಕೋಲ್ ಬಾಕ್ಸ್ 60, 40, 40 ಅಂತ ಇಟ್ಟುಕೊಳ್ಳಿ. ಗುಣಿಸಿದರೆ 96,000. ಭಾಗಿಸಿದರೆ 16 ಕೆಜಿ. ಒಳಗೆ ಮೀನು, ಜೆಲ್, ಬಾಕ್ಸ್ ಎಲ್ಲ ಸೇರಿ 14 ಕೆಜಿ ಇದ್ದರೂ 16ಕ್ಕೇ ಬಾಡಿಗೆ. ಕೊರಿಯರ್‌ನವರು 5000ದಿಂದ ಭಾಗಿಸುತ್ತಾರೆ, ಅದೇ ಬಾಕ್ಸ್ ಅಲ್ಲಿ 19.2 ಕೆಜಿ ಆಗುತ್ತದೆ. ನಿಮ್ಮ ಬಾಕ್ಸಿನ ಅಳತೆ ಹೇಳಿ.

ಬಾದಾಮಿ ತೋಟ

40, 30, 20. ದೊಡ್ಡದು ಇರಲಿ, ಒತ್ತಬಾರದು ಅಂತ ತಂದಿದ್ದೆವು.

ಕಾರ್ಗೋ ಕಟ್ಟೆ

24,000. ಅಂದರೆ 4 ಕೆಜಿ. ಹಣ್ಣು 3, ಬಾಕ್ಸ್ ಸೇರಿ ಮೂರೂವರೆ ಇದ್ದಿರಬೇಕು. ಬಾಕ್ಸಿಗೆ ಅರ್ಧ ಕೆಜಿ ಬರೀ ಗಾಳಿಗೆ ಬಾಡಿಗೆ ಕಟ್ಟಿದ್ದೀರಿ, 300 ಬಾಕ್ಸಿಗೆ 150 ಕೆಜಿ! ಒಂದೇ ಸಾಲು ಹಣ್ಣು ಕೂರುವ 12 ಸೆಂಟಿಮೀಟರ್ ಎತ್ತರದ ಬಾಕ್ಸ್ ತನ್ನಿ. ಅದು 2.4 ಕೆಜಿ ಗಾತ್ರ, ಆಗ ನಿಜವಾದ ತೂಕಕ್ಕೆ ಮಾತ್ರ ಬಾಡಿಗೆ. ಮೇಲೆ ಏಳು ಬಾಕ್ಸ್ ಪೇರಿಸಿದರೂ ಕುಸಿಯದ ರಟ್ಟು ಇರಲಿ. ಪಕ್ಕದ ತೂತುಗಳು ಒಂದಕ್ಕೊಂದು ಎದುರು ಬರಬೇಕು, ಇಲ್ಲದಿದ್ದರೆ ತಂಪು ಗಾಳಿ ಒಳಗೆ ಹೋಗುವುದಿಲ್ಲ.

ಆಫ್‌ಲೋಡ್, ಅಂದರೆ ಬುಕ್ ಆದ ಸರಕನ್ನು ಇಳಿಸುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಮೊದಲ ಜಾಗ ಬ್ಯಾಗಿಗೆ, ಉಳಿದದ್ದು ಸರಕಿಗೆ. ಬೇಸಿಗೆ ರಜೆಯಲ್ಲಿ ಬ್ಯಾಗ್ ಜಾಸ್ತಿ. ದೂರದ ದಾರಿಯಲ್ಲಿ ಇನ್ನೊಂದು ತೊಂದರೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಬಿಸಿ ಮಧ್ಯಾಹ್ನ ಗಾಳಿ ತೆಳು, ವಿಮಾನ ಪೂರ್ತಿ ಭಾರ ಹೊತ್ತು ಏಳಲು ಕಷ್ಟ, ಆಗ ಇಳಿಸುವುದು ಸರಕನ್ನೇ. ಯಾವ ವಿಮಾನಕ್ಕೆ ಬುಕ್ ಮಾಡುತ್ತೀರಿ ಅನ್ನುವುದನ್ನು ಬರೀ ಬಾಡಿಗೆ ನೋಡಿ ಆರಿಸಬೇಡಿ. ಅದೇ ದಿನ ಅದೇ ಏರ್‌ಲೈನಿನ ಇನ್ನೊಂದು ವಿಮಾನ ಇರುವ ದಾರಿ ಹಿಡಿಯಿರಿ. ಇಳಿಸಿದರೂ ಆರು ಗಂಟೆಯಲ್ಲಿ ಹೋಗುತ್ತದೆ. ಮತ್ತು ಇಳಿಸಿದ ಪ್ಯಾಲೆಟ್ ಕೋಲ್ಡ್ ರೂಮಿಗೆ ವಾಪಸ್ ಹೋಯಿತಾ ಅಂತ ಫೋನ್ ಮಾಡಿ ಕೇಳಿ. ರಾತ್ರಿ ಎಷ್ಟು ಹೊತ್ತಾದರೂ ಕೇಳಿ.

ಹಸಿರು ದಾರಿ

ಒಂದು ಬೇರೆ ಮಾತು. ಒಂದು ಟನ್ ಆಹಾರವನ್ನು ಅಷ್ಟೇ ದೂರ ವಿಮಾನದಲ್ಲಿ ಒಯ್ದರೆ ಹಡಗಿಗಿಂತ ಸುಮಾರು 50 ಪಟ್ಟು ಜಾಸ್ತಿ ಇಂಗಾಲ ಗಾಳಿಗೆ ಸೇರುತ್ತದೆ. ಮುಂಬೈನಿಂದ ದುಬೈಗೆ ಹಡಗು ಒಂದು ವಾರದೊಳಗೆ ತಲುಪುತ್ತದೆ. 13 ಡಿಗ್ರಿಯ ರೀಫರ್‌ನಲ್ಲಿ ಮಾವು ಅಷ್ಟು ದಿನ ಆರಾಮಾಗಿ ಇರುತ್ತದೆ. ಹಾಗಿದ್ದ ಮೇಲೆ ಗಲ್ಫ್‌ಗೆ ವಿಮಾನ ಯಾಕೆ ಬೇಕು? ಬೆಂಗಳೂರು ರೋಸ್ ಈರುಳ್ಳಿ ಹಡಗಿನಲ್ಲೇ ಹೋಗುತ್ತದೆ ಅಲ್ವಾ?

ಬಾದಾಮಿ ತೋಟ

ನಿಮ್ಮ ಮಾತು ಸರಿ. ಆದರೆ ಕಂಟೇನರ್ ತುಂಬಲು ನಮ್ಮ ಹನ್ನೊಂದು ಮನೆಯ ಬಾದಾಮಿ ಒಂದೇ ದಿನ ಬಲಿಯುವುದಿಲ್ಲ. ವಾರಕ್ಕೆ 400 ಕೆಜಿ, 500 ಕೆಜಿ ಸಿಗುತ್ತದೆ. ಅಷ್ಟನ್ನು ಹಡಗು ತೆಗೆದುಕೊಳ್ಳುವುದಿಲ್ಲ. ಪಕ್ಕದ ಹಳ್ಳಿಗಳೂ ಸೇರಿದರೆ ಮುಂದೆ ನೋಡಬಹುದು.

ಹಸಿರು ದಾರಿ

ಹಾಗಾದರೆ ಈ ವರ್ಷ ವಿಮಾನ, ಗುಂಪು ಬೆಳೆದ ಮೇಲೆ ಹಡಗು ಅಂತ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ನಿಮ್ಮ ಕಷ್ಟ ಅರ್ಥವಾಗುತ್ತದೆ.

ಹಾಸನದ ಅಮ್ಮ

ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಧಾರವಾಡ ಪೇಡ, ಕರಿಬೇವು, ಎರಡು ಕೆಜಿ ಮಾವಿನಹಣ್ಣು ಕೊರಿಯರ್ ಮಾಡಬಹುದಾ? ವ್ಯಾಪಾರ ಅಲ್ಲ, ಮನೆಗೆ.

ಕಾರ್ಗೋ ಕಟ್ಟೆ

ಅಮ್ಮಾ, ಮನೆಗೆ ಅಂದರೂ ನಿಯಮ ಬಿಡುವುದಿಲ್ಲ. ಪೇಡ ಹಾಲಿನದ್ದು. ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಯುರೋಪಿನ ಒಕ್ಕೂಟಕ್ಕೆ ಅಂಚೆಯಲ್ಲೂ ಬ್ಯಾಗಿನಲ್ಲೂ ತರುವ ಹಾಗಿಲ್ಲ. 2019ರ ಡಿಸೆಂಬರ್ 14ರಿಂದ ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಫೈಟೊ ಸರ್ಟಿಫಿಕೇಟ್ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ಬೇಡ. ಮಾವು, ಕರಿಬೇವು ಎರಡೂ ಬಿಡಿ. ಹುಳಿಪುಡಿ, ಚಟ್ನಿಪುಡಿ, ಒಣಗಿಸಿದ ಹಪ್ಪಳ ಸಂಡಿಗೆ ಕಳಿಸಿ, ಒಳಗೆ ಏನಿದೆ ಅಂತ ಸ್ಪಷ್ಟವಾಗಿ ಬರೆಯಿರಿ.

ಅವರೆ ಅತ್ತಿಗೆ

ಅಮೆರಿಕಕ್ಕೂ ಕರಿಬೇವು ತರಬೇಡಿ. ಕಿತ್ತಳೆ ನಿಂಬೆ ತೋಟಗಳನ್ನು ಹಾಳು ಮಾಡುವ ಕೀಟ ಅದರ ಎಲೆಯಲ್ಲಿ ಬರುತ್ತದೆ ಅಂತ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಬ್ಯಾಗಿನಲ್ಲಿ ಊರಿನ ಅಕ್ಕಿಯನ್ನೂ ಬಿಡುವುದಿಲ್ಲ. ನಮ್ಮ ಅತ್ತೆ ತಂದ ಐದು ಕೆಜಿ ಅಕ್ಕಿ ಹಾಗೇ ಹೋಯಿತು, ಪಾಪ, ಅವರು ಅತ್ತೇಬಿಟ್ಟರು.

ಚಿಬ್ಬು ನೋಡುವವಳು

ಬಾದಾಮಿ ತೋಟದವರಿಗೆ ಮುಂದೆ ಬೇರೆ ದೇಶದ ಆಸೆ ಬಂದರೆ ಅಂತ ಹೇಳುತ್ತಿದ್ದೇನೆ. ಒಂದೊಂದು ದೇಶಕ್ಕೆ ಒಂದೊಂದು ಥರದ ಸ್ನಾನ. ಯುರೋಪಿಗೆ ಹಣ್ಣಿನ ನೊಣ ಸಾಯಲು 48 ಡಿಗ್ರಿ ಬಿಸಿನೀರಲ್ಲಿ 60 ನಿಮಿಷ. ಜಪಾನಿಗೆ ಬಿಸಿ ಹಬೆ, 47.5 ಡಿಗ್ರಿ 20 ನಿಮಿಷ. ಅಮೆರಿಕಕ್ಕೆ ವಿಕಿರಣ, ಕಡಿಮೆ ಅಂದರೂ 400 ಗ್ರೇ (ವಿಕಿರಣದ ಅಳತೆ). ನಿಮ್ಮ ಜಿಲ್ಲೆಯ ಮಾಲೂರಿನಲ್ಲೇ ಅಮೆರಿಕದವರು ಒಪ್ಪಿದ ವಿಕಿರಣ ಘಟಕ ಇದೆ. 2007ರಲ್ಲಿ ಅಮೆರಿಕ ನಮ್ಮ ಮಾವಿಗೆ ಮತ್ತೆ ಬಾಗಿಲು ತೆರೆದದ್ದು ಈ ವಿಕಿರಣದ ಒಪ್ಪಂದದ ಮೇಲೇ.

ಸಣ್ಣ ತಪ್ಪಿಗೂ ದೊಡ್ಡ ಬೆಲೆ ತೆರಬೇಕಾಗುತ್ತದೆ. 2013ರಲ್ಲಿ ಭಾರತದಿಂದ ಹೋದ 207 ಕನ್ಸೈನ್‌ಮೆಂಟಿನಲ್ಲಿ (ಒಂದು ಸಲಕ್ಕೆ ಕಳಿಸಿದ ಸರಕು) ಹುಳು ಸಿಕ್ಕಿತು ಅಂತ 2014ರ ಮೇ 1ರಿಂದ ಯುರೋಪಿನ ಒಕ್ಕೂಟ ನಮ್ಮ ಮಾವು, ಬದನೆ, ಹಾಗಲ, ಪಡವಲ, ಕೆಸುವನ್ನು ನಿಲ್ಲಿಸಿಬಿಟ್ಟಿತು. ಮಾವಿಗೆ ಮತ್ತೆ ಅವಕಾಶ ಸಿಕ್ಕಿದ್ದು 2015ರಲ್ಲಿ. 2025ರ ಮೇನಲ್ಲಿ ಅಮೆರಿಕ ತಲುಪಿದ 15 ಕನ್ಸೈನ್‌ಮೆಂಟ್ ಮಾವನ್ನು ವಿಕಿರಣದ ಕಾಗದ ಸರಿಯಿಲ್ಲ ಅಂತ ತಿರಸ್ಕರಿಸಿದರು. ವಾಪಸ್ ತರುವ ಖರ್ಚು ಹಣ್ಣಿನ ಬೆಲೆಗಿಂತ ಜಾಸ್ತಿ, ಅಲ್ಲೇ ನಾಶ ಮಾಡಿದರು. ಹಣ್ಣು ಚೆನ್ನಾಗೇ ಇತ್ತು ಅನ್ನುವುದೇ ಹೊಟ್ಟೆ ಉರಿಸುವ ವಿಷಯ.

ಅವೀರ್ ವ್ಯಾಪಾರಿ

ಇಲ್ಲಿಯೂ ಆಗುತ್ತದೆ. 2018ರ ಮೇನಲ್ಲಿ ನಿಫಾ ಬಂದಾಗ ಕೇರಳದ ತಾಜಾ ಹಣ್ಣು ತರಕಾರಿಯನ್ನು ಇಲ್ಲಿ ನಿಲ್ಲಿಸಿದರು. ತಪ್ಪು ಮಾಡದ ರೈತರೂ ಕಷ್ಟಪಟ್ಟರು. ಒಂದೇ ದೇಶ, ಒಂದೇ ವ್ಯಾಪಾರಿಯನ್ನು ನಂಬಿ ಪೂರ್ತಿ ತೋಟ ಕಟ್ಟಬೇಡಿ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಬಾದಾಮಿ ತೋಟ

ಹಣ್ಣು ಕೆಟ್ಟರೆ ಏರ್‌ಲೈನ್ ಏನಾದರೂ ಕೊಡುತ್ತದಾ?

ಕಾರ್ಗೋ ಕಟ್ಟೆ

ವಿಮಾನ ಸಾಗಣೆಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸರಕು ಹಾಳಾದರೆ ಕೈಗೆ ಬಂದ 14 ದಿನದೊಳಗೆ, ತಡವಾದರೆ 21 ದಿನದೊಳಗೆ ಬರೆದು ಕೊಡಬೇಕು. ಕೆಜಿಗೆ ಮಿತಿ 26 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಅದು ಐಎಂಎಫ್‌ನ ಲೆಕ್ಕದ ಹಣ. ಮೊತ್ತ ಮಾವಿನ ಬೆಲೆಗೆ ಧಾರಾಳ. ಆದರೆ ಸರಕಿನ ಸ್ವಭಾವದಿಂದಲೇ ಕೆಟ್ಟಿದ್ದರೆ ಏರ್‌ಲೈನ್ ಹೊಣೆ ಅಲ್ಲ ಅಂತಲೂ ಅದೇ ಒಪ್ಪಂದದಲ್ಲಿದೆ. ಮಾವು ಕೆಡುವುದು ಮಾವಿನ ಸ್ವಭಾವ ಅಂತ ಹೇಳಿ ಮುಗಿಸುತ್ತಾರೆ. ಅದಕ್ಕೆ ಉತ್ತರ ಕೊಡಲು ನಿಮ್ಮ ಹತ್ತಿರ ಸಾಕ್ಷಿ ಬೇಕು. ಬಾಕ್ಸಿನ ಒಳಗೆ ಒಂದು ಟೆಂಪರೇಚರ್ ಲಾಗರ್ ಇಡಿ. ಸಣ್ಣದು, ಬೆಲೆಯೂ ಹೆಚ್ಚಿಲ್ಲ. ನಿಮಿಷ ನಿಮಿಷದ ಬಿಸಿ ಬರೆದುಕೊಳ್ಳುತ್ತದೆ. ಪರಿಹಾರ ಸಿಗಲಿ ಬಿಡಲಿ, ತಪ್ಪು ಎಲ್ಲಾಯಿತು ಅನ್ನುವುದಾದರೂ ತಿಳಿಯುತ್ತದೆ. ಕೊಂಡವರು ದುಡ್ಡೇ ಕೊಡದೆ ಹೋದರೆ ಅದಕ್ಕೆ ಇಸಿಜಿಸಿ ಅನ್ನುವ ಸರ್ಕಾರಿ ಕಂಪನಿಯ ರಫ್ತು ವಿಮೆ ಬೇರೆ ಇದೆ.

ಮಲ್ಪೆ ಬಂದರು

ಲಾಗರನ್ನು ಪ್ಯಾಲೆಟ್ಟಿನ ಮೇಲಿನ ಮೂಲೆಯ ಬಾಕ್ಸಿನಲ್ಲಿ ಒಂದು, ನಡುವೆ ಒಂದು ಇಡಿ. ಕೆಡುವುದು ಮೊದಲು ಮೂಲೆ.

ಬಾದಾಮಿ ತೋಟ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಇಷ್ಟು ಹೇಳಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಹೋದ ವಾರ 120 ಬಾಕ್ಸ್ ಕಳಿಸಿದೆವು, ಅವೀರ್ ವ್ಯಾಪಾರಿಯವರಿಗೇ.

ಸೋಮವಾರ ಬೆಳಗ್ಗೆ 6ರಿಂದ 9ರೊಳಗೆ ಕಿತ್ತೆವು. ಅಷ್ಟರಲ್ಲಿ ಸಿಕ್ಕಷ್ಟೇ ಸಾಕು ಅಂತ ನಿಲ್ಲಿಸಿದೆವು. ಕತ್ತರಿ ಹಿಡಿದು ತೊಟ್ಟು ಉಳಿಸಿದೆವು, ಹೆಂಗಸರೇ ಆ ಕೆಲಸ ಚೆನ್ನಾಗಿ ಮಾಡಿದರು. ಕ್ರೇಟು ತುಂಬಿದ ಹಾಗೆಲ್ಲ ಶೆಡ್ಡಿಗೆ ಸಾಗಿಸಿದೆವು. ಬಿಸಿನೀರಿನ ಸ್ನಾನ, ಸೊನೆ ಇಳಿಸುವುದು, ಒಣಗಿಸುವುದು ಮುಗಿದು 11ಕ್ಕೆ ಬಾಡಿಗೆ ಕೋಲ್ಡ್ ರೂಮಿಗೆ. ರಾತ್ರಿಯೊಳಗೆ ಕಾಯಿಯ ಒಳಗೆ 13 ಡಿಗ್ರಿ ಬಂತು. ಫೈಟೊ ಇನ್‌ಸ್ಪೆಕ್ಷನ್‌ಗೆ ಹಿಂದಿನ ವಾರವೇ ಹೊತ್ತು ಗೊತ್ತು ಮಾಡಿಕೊಂಡಿದ್ದೆವು. ಮಂಗಳವಾರ ಮಧ್ಯಾಹ್ನ ತಂಪಿನ ಟೆಂಪೊದಲ್ಲಿ ಹೊರಟು ಮೂರು ಗಂಟೆಗೆ ಗೇಟು, ರಾತ್ರಿ ಒಂಬತ್ತೂವರೆಗೆ ವಿಮಾನ. ಈ ಸಲ ಇಳಿಸಲಿಲ್ಲ. ಅಲ್ಲಿನ ಬೆಳಗ್ಗೆ 6ಕ್ಕೆ ಗೋಡೌನ್.

ಕೂಡಿಸಿದರೆ ನಲವತ್ತೊಂಬತ್ತೂವರೆ ಗಂಟೆ. ಹೋದ ಸಲಕ್ಕಿಂತ ಹದಿಮೂರು ಗಂಟೆ ಅಷ್ಟೇ ಕಡಿಮೆ. ಆದರೆ ಹೋದ ಸಲ ತಂಪು ಅನ್ನುವುದೇ ಇರಲಿಲ್ಲ. ಈ ಸಲ ಕಾಯಿ ಬಿಸಿಯಲ್ಲಿ ಇದ್ದದ್ದು ತೋಟ, ಶೆಡ್ಡು ಸೇರಿ ಐದು ಗಂಟೆ. ಲಾಗರಿನಲ್ಲಿ ಎರಡು ಕಡೆ ಗೆರೆ ಮೇಲೆ ಹೋಗಿದೆ. ದೇವನಹಳ್ಳಿಯಲ್ಲಿ ಟೆಂಪೊದಿಂದ ಇಳಿಸಿ ಎಕ್ಸ್‌ರೇಗೆ ಕಾದ 40 ನಿಮಿಷ, 17 ಡಿಗ್ರಿ. ದುಬೈನಲ್ಲಿ ಇಳಿದ ಮೇಲೆ ಒಂದು ಗಂಟೆ, ಮೂಲೆಯ ಬಾಕ್ಸಿನಲ್ಲಿ 21. ನಡುವಿನ ಬಾಕ್ಸ್ 15 ದಾಟಿಲ್ಲ.

ಅವೀರ್ ವ್ಯಾಪಾರಿ

120ರಲ್ಲಿ ನಾನು ಬದಿಗಿಟ್ಟದ್ದು ನಾಲ್ಕು ಬಾಕ್ಸ್. ನಾಲ್ಕೂ ಮೇಲಿನ ಸಾಲಿನ ಮೂಲೆಯವು. ಉಳಿದದ್ದು ಐದನೇ ದಿನಕ್ಕೆ ಹಳದಿ ತಿರುಗಿ, ಅಂಗಡಿ ತುಂಬಾ ಪರಿಮಳ. ಪೂರ್ತಿ ದುಡ್ಡು ಕಳಿಸಿದ್ದೇನೆ. ಕಂಬಳಿ ಮೇಲಿನಿಂದ ಮಾತ್ರ ಹೊದಿಸಿದ್ದೀರಿ, ಮೂಲೆ ಮುಚ್ಚಿಲ್ಲ. ಮುಂದಿನ ಸಲ ಕೆಳಗಿನವರೆಗೆ ಎಳೆದು ಕಟ್ಟಿ. ಆದರೆ ಕಾಯಿ ತಣ್ಣಗಾದ ಮೇಲೆ ಮಾತ್ರ, ಬಿಸಿ ಇರುವಾಗ ಹೊದಿಸಿದರೆ ಬಿಸಿ ಒಳಗೇ ಉಳಿಯುತ್ತದೆ.

ಅವರೆ ಅತ್ತಿಗೆ

ಓದಿ ತುಂಬಾ ಸಂತೋಷವಾಯಿತು. ಮಲ್ಲಿಕಾ ಯಾವಾಗ ಕೀಳುತ್ತೀರಿ? ನಮ್ಮ ಅಕ್ಕ ಶಾರ್ಜಾದಲ್ಲಿದ್ದಾರೆ, ಅವರಾದರೂ ತಿನ್ನಲಿ.

ಬಾದಾಮಿ ತೋಟ

ಮಲ್ಲಿಕಾ ಜೂನ್ ನಡುವಿಗೆ ಬಲಿಯುತ್ತದೆ ಅಕ್ಕಾ. ಅದಕ್ಕೂ ಮೊದಲು ಮುಂದಿನ ಮಂಗಳವಾರ 150 ಬಾಕ್ಸ್ ಬಾದಾಮಿ ಹೊರಡುತ್ತದೆ. ದೊಡ್ಡ ಕಂಬಳಿ ತಂದಿದ್ದೇವೆ. ಎಕ್ಸ್‌ರೇ ಹತ್ತಿರದ ಆ 40 ನಿಮಿಷ ಹೇಗೆ ಕಡಿಮೆ ಮಾಡುವುದು ಅಂತ ಕಾರ್ಗೋ ಕಟ್ಟೆಯವರು ಹೇಳಬೇಕು.

ಕಾರ್ಗೋ ಕಟ್ಟೆ

ಮೂರು ಗಂಟೆಗೆ ಬರಬೇಡಿ, ಆಗ ಹೂವಿನ ಗಾಡಿಗಳೆಲ್ಲ ಒಟ್ಟಿಗೆ ಬಂದಿರುತ್ತವೆ. ಐದಕ್ಕೆ ಬನ್ನಿ, ಸರಕು ಒಪ್ಪಿಸುವ ಕಟ್‌ಆಫ್‌ಗೆ ಆಗಲೂ ಹೊತ್ತು ಇರುತ್ತದೆ. ನಿಮ್ಮ ಸರದಿ ಬರುವವರೆಗೆ ಟೆಂಪೊದ ಬಾಗಿಲು ತೆಗೆಯಬೇಡಿ, ಎಂಜಿನ್ ಆರಿಸಬೇಡಿ. ಮಂಗಳವಾರ ನಾನು ಡ್ಯೂಟಿಯಲ್ಲಿದ್ದೇನೆ, ಗೇಟಿನ ಹತ್ತಿರ ಬಂದು ಫೋನ್ ಮಾಡಿ.